ಹೊಳೆಹಟ್ಟಿಯಲ್ಲಿ ರಾತ್ರಿ ಹಲ್ಲುಜ್ಜಿದ ಕಂಡಕ್ಟರ್

ಸೀಟಿಯ ಬಾಯಿಗೆ ರಕ್ತ ಹತ್ತಿದ್ದನ್ನು ಮೊದಲು ಕಂಡವಳು ಹಡಗಲಿಯಲ್ಲಿ ಬಸ್ಸು ಹತ್ತಿದ ಒಬ್ಬ ಮುದುಕಿ. ತಿಪ್ಪೇಶ ಎರಡು ಸಲ ಊದಿ ಬಸ್ಸು ಬಿಡಿಸಿ, ಸೀಟಿಯನ್ನು ಎದೆಯ ಮೇಲೆ ಇಳಿಬಿಟ್ಟಿದ್ದ. ಮುದುಕಿ ಅದನ್ನೇ ದಿಟ್ಟಿಸಿ ನೋಡಿ, "ಕಂಡಕ್ಟರಪ್ಪಾ, ನಿನ್ನ ಸೀಟಿನೂ ಎಲಿ ಅಡಿಕಿ ಹಾಕ್ಕೊಂತೈತೇನು?" ಎಂದಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ತಿಪ್ಪೇಶನೂ ನಕ್ಕ. ಅವನು ನಕ್ಕಾಗ ಹಲ್ಲಿನ ಸಂದಿಗಳಲ್ಲೂ ಕೆಂಪು ಕಂಡಿತು. ಉಳಿದವರ ನಗು ಅಲ್ಲಿಗೇ ನಿಂತಿತು.

ತಿಪ್ಪೇಶನಿಗೆ ನಲವತ್ತನಾಲ್ಕು ವರ್ಷ, ಊರು ಕೊಟ್ಟೂರು. ಅವನ ಅಪ್ಪ ಐವತ್ತು ತುಂಬುವುದರೊಳಗೆ ಹಲ್ಲನ್ನೆಲ್ಲ ಕಳೆದುಕೊಂಡು, ಉಳಿದ ಇಪ್ಪತ್ತು ವರ್ಷ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಿದವರು. "ನಮ್ಮ ಮನಿತನಕ್ಕ ಹಲ್ಲು ಆಗಿಬರಂಗಿಲ್ಲ" ಎನ್ನುತ್ತಿದ್ದರು, ಕೆಲವರ ಮನೆಗೆ ಕರಿಯ ಎತ್ತು ಆಗಿಬರುವುದಿಲ್ಲ ಎಂಬ ಹಾಗೆ. ತಿಪ್ಪೇಶ ಅದನ್ನು ನಂಬಿದ್ದ. ಕೆಳಗಿನ ಮುಂಭಾಗದ ಎರಡು ಹಲ್ಲು ನಾಲಗೆ ತಾಕಿದರೆ ಅಲುಗಾಡತೊಡಗಿದಾಗ, ತನ್ನ ಪಾಳಿ ಬಂತು ಎಂದುಕೊಂಡು ಸುಮ್ಮನಿದ್ದ. ಚಿಂತೆಯಿದ್ದದ್ದು ಕೆಲಸದ್ದು. ಹಲ್ಲಿಲ್ಲದ ಬಾಯಿಗೆ ಸೀಟಿ ಕಚ್ಚಿ ಹಿಡಿಯಲು ಬರುವುದಿಲ್ಲ, ಗಾಳಿ ಪಕ್ಕಕ್ಕೆ ಸೋರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಒಂದೇ ಉಸಿರಿನಲ್ಲಿ ಕೂಗುವುದಂತೂ ದೂರದ ಮಾತು.

ಅವನ ಹೆಂಡತಿ ಕನಕಮ್ಮ ಅಷ್ಟು ತಾಳ್ಮೆಯವಳಲ್ಲ. ಖಾಕಿ ಅಂಗಿ ಒಗೆಯುವಾಗ ಎದೆಯ ಮೇಲೆ ಕೆಂಪು ಚುಕ್ಕೆಗಳನ್ನು ಕಂಡು, "ನೀವು ಟಿಕೆಟ್ ಕೊಡಾಕ ಹೋಗಿದ್ರೋ, ಕುರಿ ಕೊಯ್ಯಾಕ ಹೋಗಿದ್ರೋ?" ಎಂದು ಕೇಳಿದಳು. ಮರುದಿನ ಮಧ್ಯಾಹ್ನ ಬಸ್ಸು ಕೊಟ್ಟೂರಿನಲ್ಲಿ ಎರಡು ತಾಸು ನಿಂತಾಗ, ಊಟಕ್ಕೆಂದು ಮನೆಗೆ ಬಂದವನನ್ನು ಉಣ್ಣಲು ಬಿಡದೆ ಮೆಡಿಕಲ್ ಶಾಪಿನ ಮೇಲಿದ್ದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರ್ ಸಂಘಮಿತ್ರಾ ಕೂಡ್ಲಿಗಿ ಕಡೆಯ ಹುಡುಗಿ, ಇನ್ನೂ ಮೂವತ್ತು ತುಂಬಿರಲಿಲ್ಲ. ತಿಪ್ಪೇಶನನ್ನು ಕುರ್ಚಿಯಲ್ಲಿ ಒರಗಿಸಿ, ಗುರುತು ಹಾಕಿದ ಸಣ್ಣ ಸೂಜಿಯಂಥದ್ದನ್ನು ಒಸಡಿನೊಳಗೆ ಎಷ್ಟು ಮಿಲಿಮೀಟರ್ ಇಳಿಯುತ್ತದೆಂದು ಇಳಿಸಿ ಇಳಿಸಿ ನೋಡಿ, "ನಾಕು... ಐದು... ಐದು... ಆರು" ಎಂದು ಹೇಳುತ್ತ ಹೋದಳು. ಬಸ್ಸಿನ ಸ್ಟೇಜುಗಳನ್ನು ಎಣಿಸಿದ ಹಾಗಿತ್ತು. ದಾರಿ ಬೆಳೆದಷ್ಟೂ ಚಾರ್ಜು ಹೆಚ್ಚು ಎಂದು ತಿಪ್ಪೇಶನಿಗೆ ತಾನಾಗಿಯೇ ಅರ್ಥವಾಯಿತು.

"ಅಣ್ಣಾ, ನೀವು ಹಲ್ಲು ಉಜ್ಜೋದು ಯಾವಾಗ?"

"ಮುಂಜಾನಿ ಐದೂಕಾಲಿಗೆ, ಮೇಡಂ. ಹನ್ನೊಂದು ವರ್ಷದಿಂದ ಒಂದು ನಿಮಿಷ ಆಚೀಚಿ ಆಗಿಲ್ಲ."

"ರಾತ್ರಿ?"

"ರಾತ್ರಿ ಯಾಕ್ರಿ? ರಾತ್ರಿ ನಾನು ಯಾರಿಗೂ ಹಲ್ಲು ತೋರ್ಸೋದಿಲ್ಲ."

ಸಂಘಮಿತ್ರಾ ನಗಲಿಲ್ಲ. ಎಲೆ ಅಡಿಕೆ, ತಂಬಾಕು ಇವತ್ತಿಗೇ ಕೊನೆ ಎಂದಳು. ಹಲ್ಲಿನ ಬುಡದಲ್ಲಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿದ್ದನ್ನು ಎರಡು ಮಧ್ಯಾಹ್ನ ಕೆರೆದು ತೆಗೆದಳು. ಮೆತ್ತನೆಯ ಬ್ರಷ್ಷೊಂದನ್ನು ಕೈಗೆ ಕೊಟ್ಟು, ಅದನ್ನು ಒಸಡಿನ ಕಡೆಗೆ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸಬೇಕು, ಎರಡು ನಿಮಿಷ, ನಡುವೆ ನಿಲ್ಲಿಸುವ ಹಾಗಿಲ್ಲ, ರಾತ್ರಿ ಉಂಡಾದ ಮೇಲೆ ತಪ್ಪಿಸುವ ಹಾಗಿಲ್ಲ, ಮೊದಮೊದಲು ರಕ್ತ ಬಂದರೆ ಹೆದರುವ ಹಾಗಿಲ್ಲ ಎಂದು ಹೇಳಿಕೊಟ್ಟಳು. "ಮನಿತನಕ್ಕ ಆಗಿಬರಂಗಿಲ್ಲ ಅನ್ನೋದು ಸ್ವಲ್ಪ ಖರೆ ಇರಬಹುದು. ಆದ್ರ ನಿಮ್ಮ ಅಪ್ಪಾರು ರಾತ್ರಿ ಉಜ್ಜಿದ್ರೇನು?" ಎಂದು ಕೇಳಿದಳು.

ತಿಪ್ಪೇಶನದು ವಸ್ತಿ ಬಸ್ಸು, ಅಂದರೆ ರಾತ್ರಿ ಹಳ್ಳಿಯಲ್ಲಿ ತಂಗಿ, ಬೆಳಿಗ್ಗೆ ಅಲ್ಲಿಂದಲೇ ಹೊರಡುವಂಥದ್ದು. ಅದು ತಂಗುತ್ತಿದ್ದದ್ದು ಹೊಳೆಹಟ್ಟಿಯಲ್ಲಿ. ಹರಪನಹಳ್ಳಿ ದಾಟಿ ಹಲವಾಗಲಿನ ಕಡೆಗೆ ಹೋದರೆ, ಹೊಳೆಗೆ ಇನ್ನು ನಾಲ್ಕು ಕಿಲೋಮೀಟರ್ ಇರುವಾಗ ಸಿಗುವ ಕುರಿ ಸಾಕುವವರ ಊರು. ಭಾನುವಾರವೊಂದು ಬಿಟ್ಟು ದಿನಾ ಸಂಜೆ ಅಲ್ಲಿಗೆ ಹೋಗಿ, ದ್ಯಾಮಕ್ಕನ ಹೋಟೆಲಿನಲ್ಲಿ ರೊಟ್ಟಿ ತಿಂದು, ತಿಪ್ಪೇಶ ಹಿಂದಿನ ಉದ್ದ ಸೀಟಿನಲ್ಲಿ, ಡ್ರೈವರ್ ನಾಗೇಂದ್ರಪ್ಪ ಮುಂದಿನ ಸೀಟಿನಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಐದೂಕಾಲಿಗೆ ತಿಪ್ಪೇಶ ನಲ್ಲಿ ತೊಟ್ಟಿಯ ಹತ್ತಿರ ಸೋಲಾರ್ ದೀಪದ ಕೆಳಗೆ ನಿಂತು ಹಲ್ಲುಜ್ಜಿ, ಆರಕ್ಕೆ ಎರಡು ಸೀಟಿ ಊದಿ ಬಸ್ಸು ಬಿಡಿಸುತ್ತಿದ್ದ.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ತೊಟ್ಟಿಯ ಎದುರು ಮನೆಯ ಸುಂಕಮ್ಮ ಹನ್ನೊಂದು ವರ್ಷದಿಂದ ಅವನನ್ನು ನೋಡಿಯೇ ಬೆಳಗು ಹಿಡಿಯುತ್ತಿದ್ದಳು. ಅರವತ್ತೆಂಟರ ಹೆಂಗಸು, ಒಂದು ಕಣ್ಣಿಗೆ ಪೊರೆ, ಮನೆಯ ಗಡಿಯಾರ ಎಂದೋ ನಿಂತಿತ್ತು. ಕುರಿ ರೊಪ್ಪದ ಪಕ್ಕದ ಜಗುಲಿಯಲ್ಲಿ ಮಲಗಿದವಳು ಕಣ್ಣು ಬಿಟ್ಟಾಗ, ಕಂಡಕ್ಟರನ ಬಾಯಲ್ಲಿ ಬುರುಗು ಕಂಡರೆ ಬೆಳಗಾಯಿತೆಂದು ಲೆಕ್ಕ. ಭಾನುವಾರ ಬರುವ ಬದಲಿ ಕಂಡಕ್ಟರ್ ಬಸ್ಸಿನೊಳಗೇ ಬಾಯಿ ತೊಳೆಯುತ್ತಿದ್ದುದರಿಂದ ಸೋಮವಾರ ಅವಳ ಮನೆಯಲ್ಲಿ ಬೆಳಗು ತಡವಾಗುತ್ತಿತ್ತು.

ಡಾಕ್ಟರ ಮಾತಿನಂತೆ ತಿಪ್ಪೇಶ ಮೊದಲ ಸಲ ರಾತ್ರಿ ಹಲ್ಲುಜ್ಜಿದ್ದು ಆಷಾಢದ ಒಂದು ಸಂಜೆ. ಟ್ರಾನ್ಸ್‌ಫಾರ್ಮರ್ ಕೆಟ್ಟು ಹೊಳೆಹಟ್ಟಿಯಲ್ಲಿ ಹಿಂದಿನ ದಿನದಿಂದ ಕರೆಂಟಿರಲಿಲ್ಲ. ಟೀವಿಯಿಲ್ಲ, ದೀಪವಿಲ್ಲ, ಮೋಡ ಬೇರೆ. ಊರವರೆಲ್ಲ ಬೆಳಕಿರುವಾಗಲೇ ಉಂಡು ಏಳಕ್ಕೆ ಮುಂಚೆ ಮಲಗಿಬಿಟ್ಟಿದ್ದರು. ಏಳೂ ನಲವತ್ತಕ್ಕೆ ತಿಪ್ಪೇಶ ಸೋಲಾರ್ ದೀಪದ ಕೆಳಗೆ ನಿಂತು, ಮೊಬೈಲಿನಲ್ಲಿ ನಿಮಿಷ ನೋಡಿಕೊಂಡು, ಬ್ರಷ್ಷನ್ನು ಓರೆ ಹಿಡಿದು ಮೆಲ್ಲಗೆ ಉಜ್ಜಿದ. ಉಗುಳಿದಾಗ ಕೆಂಪಿತ್ತು. ಹೆದರಲಿಲ್ಲ. ಬಾಯಿ ತೊಳೆದುಕೊಂಡು, ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಹೋಗಿ ಹಿಂದಿನ ಸೀಟಿನಲ್ಲಿ ಮಲಗಿ ನಿದ್ದೆ ಹೋದ.

ಆ ಎರಡು ನಿಮಿಷದಲ್ಲಿ ಸುಂಕಮ್ಮ ಕಣ್ಣು ಬಿಟ್ಟಿದ್ದಳು.

"ಚೌಡಾ! ಏಳೋ, ಕಂಡಕ್ಟರನ ಬಾಯಾಗ ಬುರುಗು ಬಂದೈತಿ!" ಎಂದು ಮಗನನ್ನು ಎಬ್ಬಿಸಿದಳು. ನಲವತ್ತು ದಾಟಿದ ಚೌಡಣ್ಣ ಎದ್ದು ಕೂತು ಕಣ್ಣುಜ್ಜಿಕೊಂಡ. "ಈಗಿನ್ನಾ ಮಲಗಿದಂಗೈತಲ್ಲಬೇ" ಎಂದ. "ವಯಸ್ಸಾದಂಗ ಹಂಗ ಆಗತೈತಿ" ಎಂದಳು ಸುಂಕಮ್ಮ. ಚೌಡಣ್ಣ ವಯಸ್ಸಾಯಿತೆಂದು ಒಂದು ಗಳಿಗೆ ಬೇಸರಪಟ್ಟು, ರೊಪ್ಪದ ಬೇಲಿ ಸರಿಸಿದ. ನೂರ ಇಪ್ಪತ್ತಾರು ಕುರಿಗಳು, ಅವುಗಳಿಗೂ ಆಶ್ಚರ್ಯವಾಗಿರಬೇಕು, ಮೊದಲು ಬಾಗಿಲಲ್ಲಿ ತಡೆದು ನಿಂತು, ಆಮೇಲೆ ಒಂದರ ಹಿಂದೆ ಒಂದು ಕತ್ತಲಿಗೆ ಇಳಿದುವು.

ಸುಂಕಮ್ಮ ಅಂಗಳ ಕಸ ಹೊಡೆದು ನೀರು ಚೆಲ್ಲಿದಳು. ನೀರು ಚೆಲ್ಲಿದ ಸದ್ದಿಗೆ ಪಕ್ಕದ ಮನೆಯವರು ಎದ್ದರು. ಅವರ ಸದ್ದಿಗೆ ಅವರ ಪಕ್ಕದವರು. ದ್ಯಾಮಕ್ಕ ಹೋಟೆಲಿನ ಒಲೆಗೆ ಬೆಂಕಿ ಹಚ್ಚಿ, ಒಗ್ಗರಣೆಗೆ ಮಂಡಕ್ಕಿ ನೆನೆಸಿದಳು. ಕರೆಂಟಿಲ್ಲದೆ ಎಲ್ಲರ ಮೊಬೈಲೂ ಸತ್ತಿದ್ದವು. ಪಂಚಾಯ್ತಿಯ ಮಾಜಿ ಮೆಂಬರ್ ಎರ್ರೆಪ್ಪನ ಮೊಬೈಲಿನಲ್ಲಿ ಮಾತ್ರ ನಾಲ್ಕು ಪರ್ಸೆಂಟ್ ಚಾರ್ಜ್ ಉಳಿದಿತ್ತು. ಅವನು ಅದನ್ನು ನೋಡಿ ಹೌಹಾರಿದ.

"ಎಂಟೂ ಐದು ಆಗೈತ್ರೋ! ಎಂಟಾದ್ರೂ ಮಲಗೀವಿ!"

"ಹಂಗಾರ ಹೊತ್ತು ಎಲ್ಲಿ ಹೋತು?" ಎಂದು ಯಾರೋ ಕೇಳಿದರು.

"ಮೋಡ ಮುಚ್ಚೈತಿ. ಹೊತ್ತು ಹುಟ್ಟೈತಿ, ನಮಗ ಕಾಣವಲ್ದು."

ಇದು ಎಲ್ಲರಿಗೂ ಸರಿಯೆನಿಸಿತು. ಮಕ್ಕಳಿಗೆ ತಣ್ಣೀರು ಹುಯ್ದು ಯೂನಿಫಾರ್ಮ್ ಹಾಕಿದರು. ಸಂತೆಗೆ ಬೆಣ್ಣೆ ಒಯ್ಯುವವರು ಬುಟ್ಟಿ ಎತ್ತಿಕೊಂಡರು. ಆಗ ಎರ್ರೆಪ್ಪನಿಗೆ ಕಂಡದ್ದು, ಆರಕ್ಕೆ ಹೋಗಬೇಕಾದ ಬಸ್ಸು ಇನ್ನೂ ನಿಂತಲ್ಲೇ ನಿಂತಿದೆ. ನಾಲ್ಕು ಜನ ಹೋಗಿ ಬಸ್ಸಿನ ತಗಡನ್ನು ಬಡಿದು, "ಡ್ರೈವರ್ ಸಾಬ್ರ, ಎಂಟಾತು! ಬಸ್ ಬಿಡ್ರೀ!" ಎಂದು ಕೂಗಿದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಒಂದು ಸಲವೂ ಲೇಟಾಗದ ನಾಗೇಂದ್ರಪ್ಪ ದಡಕ್ಕನೆ ಎದ್ದ. ಮುಖವನ್ನೂ ತೊಳೆಯದೆ ಕೀ ತಿರುಗಿಸಿದ.

ತಿಪ್ಪೇಶನಿಗೆ ಎಚ್ಚರವಾದಾಗ ಬಸ್ಸು ಓಡುತ್ತಿತ್ತು, ಸೀಟು ತುಂಬ ಜನ ಕೂತಿದ್ದರು, ಹೆಂಗಸರು ಆಧಾರ್ ಕಾರ್ಡು ಹಿಡಿದು ಟಿಕೆಟಿಗೆ ಕಾಯುತ್ತಿದ್ದರು. ಟಿಕೆಟ್ ಮಷಿನ್ನಿನಲ್ಲಿ ಎಂಟೂ ಇಪ್ಪತ್ತೈದು. ಅವನಿಗೆ ಒಂದು ಕ್ಷಣ ಅನುಮಾನ ಬಂದದ್ದು ನಿಜ. ಆದರೆ ಬಾಯಲ್ಲಿ ಪೇಸ್ಟಿನ ರುಚಿ ಇನ್ನೂ ಇತ್ತು. ಹಲ್ಲುಜ್ಜಿ ಆಗಿದೆ ಎಂದರೆ ಬೆಳಗಾಗಿದೆ ಎಂದೇ ಅರ್ಥ. ನಲವತ್ತು ವರ್ಷದ ರೂಢಿ ಅದನ್ನೇ ಹೇಳಿತು. ಅವನು ಎದ್ದು ಬ್ಯಾಗು ಹಾಕಿಕೊಂಡು, "ಯಾರ್ರೀ ಟಿಕೆಟ್, ಹರಪನಹಳ್ಳಿ, ಹರಪನಹಳ್ಳಿ" ಎನ್ನುತ್ತ ಮೂವತ್ತನಾಲ್ಕು ಟಿಕೆಟ್ ಹರಿದ.

ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಅಂಗಡಿಗಳ ಶಟರ್ ಒಂದೊಂದಾಗಿ ಇಳಿಯುತ್ತಿದ್ದವು.

"ಇವತ್ತು ಬಂದ್ ಐತೇನೋ?" ಎಂದ ಎರ್ರೆಪ್ಪ.

"ಯಾರು ಕರೆ ಕೊಟ್ಟಾರ?"

"ಯಾರರ ಕೊಟ್ಟಿರ್ತಾರ ಬಿಡು."

ಬಂದ್ ಯಾವ ವಿಷಯಕ್ಕೆ ಎಂದು ಬಸ್ಸಿನಲ್ಲೇ ಎರಡು ಗುಂಪಾಯಿತು. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಂಟ್ರೋಲರು ಕೈಯಲ್ಲಿ ಮಂಡಕ್ಕಿಯ ಪೊಟ್ಟಣ ಹಿಡಿದುಕೊಂಡು ಬಂದು ಬಸ್ಸಿನ ಬೋರ್ಡನ್ನು ಎರಡು ಸಲ ಓದಿದರು.

"ಏನಪಾ ತಿಪ್ಪೇಶ, ಈ ಬಸ್ಸು ಯಾಕ ಬಂತು?"

ತಿಪ್ಪೇಶ ಕೈಮುಗಿದ. "ತಪ್ಪಾತ್ರಿ ಸಾರ್. ಎರಡು ತಾಸು ಲೇಟಾತು. ಎಚ್ಚರ ಆಗಲಿಲ್ಲ."

"ಲೇಟ್ ಎಲ್ಲಿ ಬಂತೋ ಮಾರಾಯ? ಹತ್ತು ತಾಸು ಮುಂಚೆ ಬಂದೀಯ! ರಾತ್ರಿ ಒಂಬತ್ತಾಗಕ ಬಂತು!"

ಬಸ್ಸಿನೊಳಗಿದ್ದವರು ಕಿಟಕಿಯಿಂದ ಬಗ್ಗಿ ಆಕಾಶ ನೋಡಿದರು. ಯೂನಿಫಾರ್ಮ್ ಹಾಕಿಕೊಂಡಿದ್ದ ಒಂದು ಹುಡುಗಿ ಮಾತ್ರ, "ಹಂಗಾರ ಹೋಂವರ್ಕ್ ಮಾಡಾಕ ಇನ್ನಾ ಟೈಮ್ ಐತಿ" ಎಂದಳು. ಕಂಟ್ರೋಲರು ಎಲ್ಲರನ್ನೂ ಅದೇ ಬಸ್ಸಿನಲ್ಲಿ ವಾಪಸು ಕಳಿಸಿದರು, ಆಮೇಲೆ ರಿಪೋರ್ಟು ಬರೆಯಲು ಕೂತರು. ಆ ಹೊತ್ತಿಗೆ ಹೊಳೆಹಟ್ಟಿಯ ನೂರ ಇಪ್ಪತ್ತಾರು ಕುರಿಗಳು ಎರ್ರೆಪ್ಪನ ಎಳೆ ಮೆಕ್ಕೆಜೋಳದ ಹೊಲದಲ್ಲಿ ಅರ್ಧ ಎಕರೆ ಮುಗಿಸಿ, ಹೊಟ್ಟೆ ಭಾರವಾಗಿ ಅಲ್ಲೇ ಮಲಗಿದ್ದವು.

ಮರುದಿನ ಸಂಜೆ ಊರ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಹೊಲ ಕಳೆದುಕೊಂಡವನೇ ಎರ್ರೆಪ್ಪ, ನ್ಯಾಯ ಹೇಳಬೇಕಾದವನೂ ಎರ್ರೆಪ್ಪ. ತಿಪ್ಪೇಶ ಕಟ್ಟೆಯ ಕೆಳಗೆ ತಲೆ ತಗ್ಗಿಸಿ ನಿಂತಿದ್ದ.

"ಹಲ್ಲುಜ್ಜೋದು ಮುಂಜಾನಿ ಕೆಲ್ಸ," ಎಂದು ಸುಂಕಮ್ಮ ಶುರುಮಾಡಿದಳು. "ರಾತ್ರಿ ಹಲ್ಲುಜ್ಜಿದ್ರ ಅದು ಮುಂಜಾನಿ ಆತು. ಇದ್ರಾಗ ನಂದೇನು ತಪ್ಪು? ಕುರೀದೇನು ತಪ್ಪು?"

ತಿಪ್ಪೇಶ ಬಾಯಿ ತೆರೆದು ಒಸಡು ತೋರಿಸಿದ. ಎರ್ರೆಪ್ಪ ಬ್ಯಾಟರಿ ಬಿಟ್ಟು ನೋಡಿದ, ಹಿಂದೆ ಕೂತವರೂ ಸಾಲಾಗಿ ಬಂದು ನೋಡಿದರು. ನೋಡಿದ ಮೇಲೂ ಅನುಮಾನ ಹೋಗಲಿಲ್ಲ. ತಿಪ್ಪೇಶ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ.

"ನಾನು ಹೊಳೆಹಟ್ಟಿ ಎರ್ರೆಪ್ಪ ಮಾತಾಡೋದ್ರಿ. ನಿಮ್ಮ ಮಾತು ಕೇಳಿ ನಮ್ಮೂರಾಗ ರಾತ್ರಿ ಬೆಳಗಾಗೈತ್ರಿ. ರಾತ್ರಿನ ಉಜ್ಜಬೇಕು ಅಂತ ಯಾಕ ಹೇಳಿದ್ರಿ?"

ಸಂಘಮಿತ್ರಾ ಬಿಡಿಸಿ ಹೇಳಿದಳು. "ಉಂಡದ್ದು ಹಲ್ಲಿನ ಬುಡಕ್ಕ ಅಂಟಿ ಪಾಚಿ ಕಟ್ತೈತ್ರಿ. ನಿದ್ದಿಯೊಳಗ ಬಾಯಿ ಒಣಗಿರ್ತೈತಿ, ಜೊಲ್ಲು ಕಡಿಮಿ, ಆವಾಗ ಆ ಪಾಚಿ ಜೋರಾಗಿ ಬೆಳೀತೈತಿ. ಬಿಟ್ರ ಗಾರಿ ಆಗತೈತಿ. ಒಸಡು ಬಾತು ರಕ್ತ ಬರತೈತಿ, ಕೆಳಗಿನ ಎಲುಬು ಸವೀತೈತಿ, ಕಡೀಕ ಗಟ್ಟಿ ಹಲ್ಲೂ ಬುಡ ಬಿಡತೈತಿ. ಅದಕ್ಕ ಮಲಗೋಕಿಂತ ಮೊದ್ಲು ಉಜ್ಜಬೇಕು."

"ಅದನ್ನ ಮುಂಜಾನಿನ ಎರಡು ಸಲ ಮಾಡಿದ್ರ ನಡಿಯಂಗಿಲ್ಲೇನ್ರಿ? ಐದಕ್ಕೊಮ್ಮಿ, ಐದೂವರಿಗೊಮ್ಮಿ?"

"ಇಲ್ರಿ."

ಡಾಕ್ಟರು ಇಲ್ಲವೆಂದ ಮೇಲೆ ಇಲ್ಲ. ಎರ್ರೆಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟ. ಕಂಡಕ್ಟರು ರಾತ್ರಿ ಹಲ್ಲುಜ್ಜಬಹುದು. ಆದರೆ ಬ್ರಷ್ಷು ಬಾಯಿಗಿಡುವ ಮೊದಲು ಒಂದು ಸೀಟಿ ಊದಬೇಕು. ಒಂದು ಸೀಟಿ ಅಂದರೆ ಬಸ್ಸು ನಿಂತ ಹಾಗೆ, ದಿನ ಮುಗಿಯಿತು ಅಂತ. ಬೆಳಿಗ್ಗೆ ಐದೂಕಾಲಿಗೆ ಹಲ್ಲುಜ್ಜುವ ಮೊದಲು ಎರಡು ಸೀಟಿ. ಎರಡು ಸೀಟಿ ಅಂದರೆ ಹೊರಡು, ದಿನ ಶುರುವಾಯಿತು ಅಂತ. ಎರಡನೆಯ ಸೀಟಿ ಕೇಳದೆ ಯಾರೂ ರೊಪ್ಪದ ಬೇಲಿ ಸರಿಸುವ ಹಾಗಿಲ್ಲ. ಮೆಕ್ಕೆಜೋಳದ ವಿಷಯವನ್ನು ಅವನು ಎತ್ತಲೇ ಇಲ್ಲ. ಇಂಥ ಜಟಿಲವಾದ ನ್ಯಾಯವನ್ನು ತೀರಿಸಿದ ಸಂತೋಷದಲ್ಲಿ ಮರೆತಿದ್ದ.

ಅಂದಿನಿಂದ ರಾತ್ರಿ ಏಳೂವರೆಗೆ ತಿಪ್ಪೇಶ ತೊಟ್ಟಿಯ ಹತ್ತಿರ ಒಂದು ಸೀಟಿ ಊದಿ ಹಲ್ಲುಜ್ಜತೊಡಗಿದ. ಭಾನುವಾರದ ಬದಲಿಯವನಿಗೂ ಸೀಟಿ ಊದಲು ಹೇಳಿಟ್ಟ. ಸುಂಕಮ್ಮನಿಗೆ ನಂಬಿಕೆ ಸಾಲದು. ದಿನಾ ಎದುರಿಗೆ ಬಂದು ನಿಂತು, "ಈಗ ರಾತ್ರಿ ಹೌದಲ್ಲೋ?" ಎಂದು ಕೇಳುವಳು. ಎರಡು ನಿಮಿಷ ನಡುವೆ ನಿಲ್ಲಿಸುವ ಹಾಗಿಲ್ಲವಾದ್ದರಿಂದ ತಿಪ್ಪೇಶ ಮಾತಾಡದೆ ಒಂದು ಬೆರಳು ಎತ್ತುವನು. ಮುದುಕಿ ಅಲ್ಲೇ ನಿಂತು ಬ್ರಷ್ಷು ಆಡುವುದನ್ನು ನೋಡುವಳು. ಹತ್ತನೆಯ ದಿನ ಅವಳೇ ಕೇಳಿದಳು, "ನಂಗೂ ಒಂದು ತಂದುಕೊಡು. ಬರೇ ನಿಂತು ನೋಡಾಕ ಬ್ಯಾಸರ ಆಗತೈತಿ."

ಅವಳ ಬಾಯಲ್ಲಿ ಹತ್ತೊಂಬತ್ತು ಹಲ್ಲುಗಳಿದ್ದವು. ಇಷ್ಟು ವರ್ಷ ಇದ್ದಿಲು, ಉಪ್ಪು ಹಾಕಿ ಬೆರಳಲ್ಲಿ ತಿಕ್ಕಿದವಳು. ತಿಪ್ಪೇಶ ತಂದುಕೊಟ್ಟ ಮೆತ್ತನೆಯ ಬ್ರಷ್ಷಿನಿಂದ ಮೊದಲ ದಿನ ಉಜ್ಜಿ ಉಗುಳಿದಾಗ ರಕ್ತ ಕಂಡು, "ಇದು ಕಚ್ಚತೈತಿ!" ಎಂದು ಅದನ್ನು ತೊಟ್ಟಿಗೆ ಎಸೆದಳು. ತಿಪ್ಪೇಶ ಬಗ್ಗಿ ಎತ್ತಿ ತೊಳೆದುಕೊಟ್ಟ. "ಕಚ್ಚಂಗಿಲ್ಲಬೇ. ಒಸಡು ಬಾತೈತಿ, ಅದಕ್ಕ. ಬಿಡದಂಗ ಹದಿನೈದು ದಿನ ಮೆಲ್ಲಕ ಮಾಡು. ನಂದೂ ಹಿಂಗ ಇತ್ತು."

"ಈಗ?"

ತಿಪ್ಪೇಶ ಉಗುಳಿ ತೋರಿಸಿದ. ಬೆಳ್ಳಗಿತ್ತು. ತೋರಿಸುವಾಗಲೇ ಅವನಿಗೂ ಅದು ಹೊಳೆದದ್ದು: ಮೂರು ದಿನದಿಂದ ಸೀಟಿಗೂ ಕೆಂಪು ಹತ್ತಿರಲಿಲ್ಲ. ಅವನು ಗಳಿಗೆ ಹೊತ್ತು ತೊಟ್ಟಿಯ ನೀರನ್ನೇ ನೋಡುತ್ತ ನಿಂತ. ಅಪ್ಪ ನೆನಪಾದರು, ಸಾರಿನಲ್ಲಿ ನೆನೆದ ರೊಟ್ಟಿ ನೆನಪಾಯಿತು. ಮನೆತನದ ಮಾತು ಅಷ್ಟು ಸುಲಭಕ್ಕೆ ಸುಳ್ಳಾಗಬಹುದೆಂದು ಅವನು ಅಂದುಕೊಂಡಿರಲಿಲ್ಲ.

ಹದಿನೇಳನೆಯ ರಾತ್ರಿ ಸುಂಕಮ್ಮನ ಉಗುಳೂ ಬೆಳ್ಳಗಾಯಿತು. ಅವಳು ಅದನ್ನು ಒಬ್ಬಳೇ ಇಟ್ಟುಕೊಳ್ಳುವವಳಲ್ಲ. ಮನೆ ಮನೆ ಬಾಗಿಲು ಬಡಿದು, "ಬರ್ರಿ, ನೋಡ್ರಿ, ಬೆಳ್ಳಗೈತಿ!" ಎಂದು ಕರೆದಳು. ಜನ ಬ್ಯಾಟರಿ ಹಿಡಿದುಕೊಂಡು ಬಂದು ಕಲ್ಲಿನ ಮೇಲಿನ ಉಗುಳನ್ನು ಸುತ್ತುವರಿದು ನೋಡಿದರು. ದ್ಯಾಮಕ್ಕ ಬಗ್ಗಿ ನೋಡಿ, "ಖರೇನ, ಹಾಲಿನಂಗೈತಿ" ಎಂದಳು. ಚೌಡಣ್ಣ ನಾಚಿಕೊಂಡು ಕುರಿಗಳ ನಡುವೆ ಹೋಗಿ ನಿಂತ. ಮರುದಿನ ಹರಪನಹಳ್ಳಿಯ ಅಂಗಡಿಯೊಂದರಲ್ಲಿ ಇದ್ದ ಮೆತ್ತನೆಯ ಬ್ರಷ್ಷುಗಳೆಲ್ಲ ಖಾಲಿಯಾದವು. ವಾರ ಕಳೆಯುವುದರೊಳಗೆ ರಾತ್ರಿ ಒಂದು ಸೀಟಿಗೆ ತೊಟ್ಟಿಯ ಸುತ್ತ ಐವತ್ತು ಜನ ಸೇರತೊಡಗಿದರು. ನಾಗೇಂದ್ರಪ್ಪನೂ ತನ್ನ ಕೆಂಪು ಹಲ್ಲುಪುಡಿಯ ಡಬ್ಬಿಯನ್ನು ಬಸ್ಸಿನ ಟೂಲ್ ಬಾಕ್ಸಿಗೆ ಹಾಕಿ, ಬ್ರಷ್ಷು ಹಿಡಿದು ಸಾಲಿಗೆ ಬಂದ.

ತೊಂದರೆ ಶುರುವಾದದ್ದು ದಾರಿಯಲ್ಲಿ. ಬಸ್ಸು ನಿಲ್ಲಿಸಲು ತಿಪ್ಪೇಶ ಒಂದು ಸೀಟಿ ಊದಿದರೆ ಸಾಕು, ಬಸ್ಸಿನಲ್ಲಿದ್ದ ಹೊಳೆಹಟ್ಟಿಯವರ ಕೈ ತಾನಾಗಿ ಚೀಲಕ್ಕೆ ಹೋಗುತ್ತಿತ್ತು. ಹಡಗಲಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ದಿನ ಹಾಡು ಹಗಲೇ ಹನ್ನೊಂದು ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಲ್ಲುಜ್ಜಿದರು. ಕೆಳಗೆ ಶೇಂಗಾ ಮಾರುತ್ತಿದ್ದವಳು ಬುಟ್ಟಿ ಎತ್ತಿಕೊಂಡು ಓಡಿದಳು. ಕಂಟ್ರೋಲರ ಹಳೆಯ ರಿಪೋರ್ಟಿನ ಜೊತೆಗೆ ಇದೂ ಡಿಪೋ ಮುಟ್ಟಿತು. ಶೆಡ್ಯೂಲಿನಲ್ಲಿಲ್ಲದ ಟ್ರಿಪ್ಪು ಯಾಕೆ ಓಡಿಸಿದ್ದು ಎಂದು ಮ್ಯಾನೇಜರು ಕೇಳಿದ್ದ ನೋಟೀಸಿಗೆ ತಿಪ್ಪೇಶ ಮೂರು ಪುಟ ಉತ್ತರ ಬರೆದಿದ್ದ. ಎರಡೂವರೆ ಪುಟ ಒಸಡಿನ ಬಗ್ಗೆಯೇ ಇತ್ತು. ಮ್ಯಾನೇಜರು ಅದನ್ನು ಪೂರ್ತಿ ಓದಿದರು, ತಮ್ಮ ಒಸಡನ್ನೊಮ್ಮೆ ಬೆರಳಿನಿಂದ ಒತ್ತಿ ನೋಡಿಕೊಂಡರು, ಆದರೂ ವರ್ಗಾವಣೆಗೆ ಸಹಿ ಹಾಕಿದರು. ಕೂಡ್ಲಿಗಿಯಿಂದ ಕಾನಹೊಸಹಳ್ಳಿಗೆ ಹಗಲು ಡ್ಯೂಟಿ, ಸಂಜೆಗೆ ಮನೆ.

ಕನಕಮ್ಮನಿಗೆ ಸಂತೋಷವಾಯಿತು. ತಿಪ್ಪೇಶನಿಗೂ ಆಗಬೇಕಿತ್ತು.

ಹೊಳೆಹಟ್ಟಿಗೆ ಹೊಸ ಕಂಡಕ್ಟರ್ ಬಂದ. ಕೊಟ್ರಸ್ವಾಮಿ ಎಂಬ ಸಾಧು ಮನುಷ್ಯ. ರಾತ್ರಿ ಉಂಡು, ಬಸ್ಸಿನ ಬಾಗಿಲು ಹಾಕಿಕೊಂಡು ಮಲಗಿಬಿಟ್ಟ. ಸೀಟಿ ಆಗಲಿಲ್ಲ. ಐವತ್ತು ಜನ ಬ್ರಷ್ಷಿಗೆ ಪೇಸ್ಟ್ ಹಾಕಿಕೊಂಡು ತೊಟ್ಟಿಯ ಸುತ್ತ ನಿಂತೇ ನಿಂತರು. ಎಂಟಾಯಿತು, ಒಂಬತ್ತಾಯಿತು. ದಿನ ಮುಗಿಯದೆ ಮಲಗುವುದು ಹೇಗೆ? ಮಕ್ಕಳು ನಿಂತಲ್ಲೇ ತೂಕಡಿಸಿದರು. ಬೆಳಿಗ್ಗೆ ಎರಡು ಸೀಟಿ ಆದದ್ದು ಬಸ್ಸು ಬಿಡುವಾಗ, ಆರಕ್ಕೆ. ಅಲ್ಲಿಯವರೆಗೆ ಚೌಡಣ್ಣ ಬೇಲಿ ಸರಿಸಲಿಲ್ಲ, ಕುರಿಗಳು ಮುಕ್ಕಾಲು ತಾಸು ರೊಪ್ಪದೊಳಗೆ ಒದರಿಕೊಂಡವು. ಹೀಗೆ ಮೂರು ದಿನ. ನಾಲ್ಕನೆಯ ದಿನ ಸುಂಕಮ್ಮ, ಎರ್ರೆಪ್ಪ, ಚೌಡಣ್ಣ ಮೂವರೂ ಅದೇ ಕೊಟ್ರಸ್ವಾಮಿಯ ಬಸ್ಸು ಹತ್ತಿ ಡಿಪೋಗೆ ಹೋದರು.

ಮ್ಯಾನೇಜರು ಹೇಳಿಕಳಿಸಿದ್ದರಿಂದ ತಿಪ್ಪೇಶನೂ ಅಲ್ಲಿದ್ದ.

"ನಿಮಗ ಬಸ್ ಬೇಕೋ, ಹಲ್ಲುಜ್ಜೋ ಕಂಡಕ್ಟರ್ ಬೇಕೋ?" ಎಂದು ಮ್ಯಾನೇಜರು ಕೇಳಿದರು.

"ಬಸ್ ಇಲ್ಲಂದ್ರ ನಡಕೊಂಡರ ಹೋಗ್ತೀವ್ರಿ," ಎಂದಳು ಸುಂಕಮ್ಮ. "ದಿನಾನ ಮುಗೀವಲ್ದು ಅಂದ್ರ ಏನು ಮಾಡೋಣ?"

ಮ್ಯಾನೇಜರು ತಲೆ ಹಿಡಿದುಕೊಂಡರು. ಸಹಿ ಹಾಕಿದ ವರ್ಗಾವಣೆಯನ್ನು ವಾಪಸು ತೆಗೆದುಕೊಳ್ಳಬೇಕಾದರೆ ಮೇಲಿನ ಆಫೀಸಿನ ಒಪ್ಪಿಗೆ ಬೇಕಿತ್ತು. ಆಗ ತಿಪ್ಪೇಶ ಮೆಲ್ಲಗೆ ಹೇಳಿದ, "ಸಾರ್, ಅವ್ರಿಗೆ ಬೇಕಾಗಿರೋದು ನಾನಲ್ರಿ. ಒಂದು ಸೀಟಿ ಕೊಟ್ರ ಸಾಕು. ಈ ಅಮ್ಮ ನನಗಿಂತ ಚಲೋ ಮಾಡತಾಳ."

ಮುದುಕಿ ತಿಪ್ಪೇಶನನ್ನು ನೋಡಿದಳು. "ನನ್ನ ಕೈಲಿ ಆಕ್ಕೈತೇನೋ?"

"ಹತ್ತೊಂಬತ್ತು ಹಲ್ಲದಾವಲ್ಲಬೇ. ಸೀಟಿ ಕಚ್ಚಾಕ ಎರಡು ಸಾಕು."

ಸ್ಟೋರಿನಿಂದ ಹಳೆಯ ಸೀಟಿಯೊಂದನ್ನು ತರಿಸಿದರು. ಸ್ಟೋರ್ ಕೀಪರನ ಪುಸ್ತಕದಲ್ಲಿ ಉದ್ದೇಶ ಎಂಬ ಖಾನೆಯಿತ್ತು. ಅವನು ಪೆನ್ನು ಹಿಡಿದು ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ಸ್ವಲ್ಪ ಯೋಚಿಸಿ, "ಹಲ್ಲು ಅಂತ ಬರಿ" ಎಂದರು. ಸುಂಕಮ್ಮ ಹೆಬ್ಬೆಟ್ಟು ಒತ್ತಿದಳು. ಅಲ್ಲೇ ಒಂದು ಸಲ ಊದಿ ನೋಡಿದಳು. ಡಿಪೋದ ಅಂಗಳದಲ್ಲಿ ಹಿಂದಕ್ಕೆ ಬರುತ್ತಿದ್ದ ಮೂರು ಬಸ್ಸುಗಳು ಗಕ್ಕನೆ ನಿಂತವು.

ನಾಲ್ಕು ತಿಂಗಳಾದ ಮೇಲೆ ಸಂಘಮಿತ್ರಾ ತಿಪ್ಪೇಶನ ಒಸಡನ್ನು ಮತ್ತೆ ಅಳೆದಳು. ಎರಡು, ಮೂರು, ಎರಡು, ಮೂರು. ಒಂದೇ ಕಡೆ ನಾಲ್ಕು. "ಸವದ ಎಲುಬು ತಿರುಗಿ ಬರಂಗಿಲ್ಲ ಅಣ್ಣಾ. ಮುಂದಿನ ಎರಡು ಹಲ್ಲು ಸ್ವಲ್ಪ ಅಲುಗಾಡತಾವ, ಇನ್ನ ಹಂಗ ಇರ್ತಾವ. ಆದ್ರ ಇರ್ತಾವ" ಎಂದಳು. ತಿಪ್ಪೇಶ ಕೆಳಗಿಳಿದು ಬಂದು ಕನಕಮ್ಮನಿಗೆ ಆ ಕೊನೆಯ ಮಾತನ್ನು ಮೂರು ಸಲ ಹೇಳಿದ.

ಆ ಭಾನುವಾರ ರಜೆಯಿತ್ತು. ಗಂಡ ಹೆಂಡತಿ ಇಬ್ಬರೂ ಹೊಳೆಹಟ್ಟಿಗೆ ಹೋದರು. ದ್ಯಾಮಕ್ಕ ದುಡ್ಡು ಇಸಿದುಕೊಳ್ಳದೆ ಊಟ ಹಾಕಿದಳು, ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಏಳೂವರೆಗೆ ಸುಂಕಮ್ಮ ಕರಿದಾರದಲ್ಲಿ ಕಟ್ಟಿಕೊಂಡಿದ್ದ ಸೀಟಿಯನ್ನು ಎತ್ತಿ ಉದ್ದಕ್ಕೆ ಒಂದು ಸಲ ಊದಿದಳು. ಊರು ತೊಟ್ಟಿಯ ಸುತ್ತ ಬಂದು ನಿಂತಿತು. ಎರ್ರೆಪ್ಪ, ಚೌಡಣ್ಣ, ಸಂಕೋಚದಿಂದ ಕೊನೆಯಲ್ಲಿ ಕೊಟ್ರಸ್ವಾಮಿ. ತಿಪ್ಪೇಶನೂ ಕನಕಮ್ಮನೂ ತಮ್ಮ ಬ್ರಷ್ಷು ತೆಗೆದು ನಡುವೆ ಸೇರಿಕೊಂಡರು. ಸುಂಕಮ್ಮ ಕುರಿ ಕಾಯುವ ಕೋಲು ಹಿಡಿದು, ಪೊರೆ ತೆಗೆಸಿದ ಹೊಸ ಕಣ್ಣಿನಿಂದ ಒಬ್ಬೊಬ್ಬರ ಬಾಯಿ ನೋಡುತ್ತ ಬಂದವಳು ತಿಪ್ಪೇಶನ ಎದುರು ನಿಂತಳು.

"ಅಷ್ಟು ಜೋರು ತಿಕ್ಕಬ್ಯಾಡೋ. ಅದೇನು ಪಾತ್ರಿ ಅಲ್ಲ."

ತಿಪ್ಪೇಶ ಕೈ ಸಡಿಲಿಸಿದ. ಕನಕಮ್ಮನಿಗೆ ನಗು ತಡೆಯಲಾಗಲಿಲ್ಲ, ಬುರುಗೆಲ್ಲ ಸೆರಗಿನ ಮೇಲೆ ಬಿತ್ತು. ಮುದುಕಿ ಅವಳ ಕಡೆಗೆ ಕೋಲು ತೋರಿಸಿ, "ಈಕೀಗೆ ಇನ್ನೊಮ್ಮೆ ಮೊದಲಿಂದ, ಎರಡು ನಿಮಿಷ" ಎಂದು ಮುಂದಿನವರತ್ತ ನಡೆದಳು.